ಕಾಂಗ್ ಹೇಗೆ ಅಷ್ಟು ದೊಡ್ಡವನಾದ? – ಒಂದು ಸಿನಿಮಾದ ಬಗ್ಗೆ ಬಗೆಬಗೆಯ ಅಭಿಪ್ರಾಯ, ಒಂದು ಗಣಿತ ಪಾಠ

ಬೋಧನಾಭ್ಯಾಸದ ಎರಡನೆಯ ವಾರ ಒಂಬತ್ತನೇ ತರಗತಿಗೆ ‘ಮೇಲ್ಮೈ ವಿಸ್ತೀರ್ಣ ಮತ್ತು ಘನಫಲ’ ಘಟಕವನ್ನು ತೆಗೆದುಕೊಳ್ಳಬೇಕಿತ್ತು. ಪಾಠಯೋಜನೆಯ ಪೀಠಿಕೆಯಲ್ಲಿ ‘ನೀವು ನೋಡಿರುವ ಅತಿ ದೊಡ್ಡದು ಯಾವುದು?’ ಎಂಬ ಪ್ರಶ್ನೆಯನ್ನು ಬರೆದುಕೊಂಡಿದ್ದೆ. ನೀರಿನ ಟ್ಯಾಂಕ್, ಗೋದಾಮು, ಹಾಲಿನ ಟ್ಯಾಂಕರ್ ಎಂಬ ಉತ್ತರಗಳು ಬರುತ್ತವೆ, ಅಲ್ಲಿಂದ ಸಿಲಿಂಡರಿಗೆ ಹೋಗಬಹುದು ಎಂಬುದು ನನ್ನ ಎಣಿಕೆ.

ಹಿಂದಿನ ಬೆಂಚಿನ ಒಬ್ಬ ಹುಡುಗ ಎದ್ದು ‘ಗಾಡ್ಜಿಲ್ಲಾ, ಮಿಸ್’ ಎಂದ. ತರಗತಿಯೆಲ್ಲ ನಕ್ಕಿತು. ‘ಕಾಂಗೇ ದೊಡ್ಡೋನು ಕಣೋ’ ಎಂದ ಪಕ್ಕದವ. ‘ಆ ಪಿಕ್ಚರ್ ಬರೀ ಬೊಗಳೆ’ ಎಂದಿತು ಮುಂದಿನ ಬೆಂಚು. ‘ಇಲ್ಲ ಮಿಸ್, ಫೈಟ್ ಸೂಪರಾಗಿದೆ’ ಎಂದು ಮತ್ತೊಂದು ದನಿ. ಗದ್ದಲದ ನಡುವೆ ಮೊದಲು ಎದ್ದ ಹುಡುಗ ಇನ್ನೂ ನಿಂತೇ ಇದ್ದ. ‘ಮಿಸ್, ಮೊದಲನೇ ಪಿಕ್ಚರ್‌ನಲ್ಲಿ ಕಾಂಗು ಚಿಕ್ಕೋನಿದ್ದ. ಇದರಲ್ಲಿ ಗಾಡ್ಜಿಲ್ಲಾಗೆ ಸಮ ಆಗೋಗಿದಾನೆ. ಹೆಂಗೆ ಮಿಸ್?’ ಎಂದು ಕೇಳಿದ.

ನಾನು ಗಡಿಯಾರ ನೋಡಿದೆ. ಪೀಠಿಕೆಗೆ ಇಟ್ಟುಕೊಂಡಿದ್ದ ಐದು ನಿಮಿಷ ಮುಗಿದಿತ್ತು. ‘ಅದೆಲ್ಲ ಕಂಪ್ಯೂಟರಿನಲ್ಲಿ ಮಾಡಿದ್ದು, ಸುಳ್ಳು. ಈಗ ಪುಸ್ತಕ ತೆಗೆಯಿರಿ’ ಎಂದೆ. ಹುಡುಗ ಕುಳಿತ. ಆ ಅವಧಿಯಲ್ಲಿ ಅವನು ಮತ್ತೆ ಬಾಯಿ ತೆರೆಯಲಿಲ್ಲ. ಮುಂದಿನ ಎರಡು ದಿನವೂ ತೆರೆಯಲಿಲ್ಲ.

ಪಾಠ ವೀಕ್ಷಿಸುತ್ತಿದ್ದ ಮಾರ್ಗದರ್ಶಕ ಶಿಕ್ಷಕರು ನನ್ನ ಅವಲೋಕನ ಪುಸ್ತಕದಲ್ಲಿ ಕಪ್ಪುಹಲಗೆ ಬಳಕೆ, ಧ್ವನಿ, ಸಮಯಪಾಲನೆ ಎಲ್ಲಕ್ಕೂ ‘ಉತ್ತಮ’ ಎಂದು ಬರೆದಿದ್ದರು. ಕೆಳಗೆ ಒಂದೇ ಸಾಲು: ‘ನೀವು ಹುಡುಕುತ್ತಿದ್ದ ಪೀಠಿಕಾ ಪ್ರಶ್ನೆಯನ್ನು ಆ ಹುಡುಗನೇ ಕೊಟ್ಟಿದ್ದ, ನೀವು ತೆಗೆದುಕೊಳ್ಳಲಿಲ್ಲ.’

ಆ ಒಂದು ಸಾಲಿನಿಂದ ನಾನು ಕಲಿತದ್ದನ್ನು ಈ ಲೇಖನದಲ್ಲಿ ಹೇಳುತ್ತೇನೆ. ಒಂದು ಸಿನಿಮಾದ ಬಗ್ಗೆ ಮಕ್ಕಳು ಬೇರೆಬೇರೆ ಅಭಿಪ್ರಾಯ ಹೇಳುವಾಗ ಅದರಲ್ಲಿ ಹಲವು ಬಗೆಯ ಹೇಳಿಕೆಗಳು ಬೆರೆತಿರುತ್ತವೆ. ಅವುಗಳನ್ನು ಬಿಡಿಸಿ ನೋಡುವುದನ್ನು ಕಲಿಸಬಹುದು, ಅದು ಗಣಿತ ಮತ್ತು ವಿಜ್ಞಾನ ಶಿಕ್ಷಕರ ಕೆಲಸವೂ ಹೌದು.

ಸಿನಿಮಾ ಯಾವುದು, ಜನ ಏನೆಂದರು?

ಮಕ್ಕಳು ಹೇಳುತ್ತಿದ್ದುದು 2021ರ ಮಾರ್ಚ್‌ನಲ್ಲಿ ಬಿಡುಗಡೆಯಾದ ‘ಗಾಡ್ಜಿಲ್ಲಾ ವರ್ಸಸ್ ಕಾಂಗ್’ ಬಗ್ಗೆ. ನಿರ್ದೇಶಕ ಆಡಮ್ ವಿನ್‌ಗಾರ್ಡ್. ಭಾರತದಲ್ಲಿ ಇದು ಇಂಗ್ಲಿಷಿನ ಜೊತೆ ಹಿಂದಿ, ತಮಿಳು, ತೆಲುಗಿನಲ್ಲೂ ಬಂದಿತು. ಅಮೆರಿಕದಲ್ಲಿ ಚಿತ್ರಮಂದಿರ ಮತ್ತು ಮನೆಯ ಪರದೆ ಎರಡಕ್ಕೂ ಒಂದೇ ದಿನ ಬಿಟ್ಟರು. ಕೊರೊನಾ ಕಾಲದಲ್ಲೂ ಜಗತ್ತಿನಾದ್ಯಂತ ಸುಮಾರು 47 ಕೋಟಿ ಡಾಲರ್ ಗಳಿಸಿತು. ನನ್ನ ತರಗತಿಯ ಮಕ್ಕಳಲ್ಲಿ ಕೆಲವರು ಇದನ್ನು ಟಿ.ವಿ.ಯಲ್ಲಿ ನೋಡಿದ್ದರು, ಹೆಚ್ಚಿನವರು ಮೊಬೈಲಿನಲ್ಲಿ ನೋಡಿದ್ದರು.

ದೊಡ್ಡವರ ಲೋಕದಲ್ಲೂ ಈ ಚಿತ್ರದ ಬಗ್ಗೆ ಒಮ್ಮತವಿರಲಿಲ್ಲ. ಮೆಚ್ಚಿದವರು ಹೇಳಿದ್ದು: ಕಾದಾಟಗಳು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತವೆ, ಸಮುದ್ರದಲ್ಲಿ ವಿಮಾನವಾಹಕ ಹಡಗಿನ ಮೇಲಿನ ಹೊಡೆದಾಟ, ಹಾಂಗ್‌ಕಾಂಗಿನ ಬಣ್ಣದ ದೀಪಗಳ ನಡುವಿನ ಹೊಡೆದಾಟ ಮರೆಯುವಂಥವಲ್ಲ, ಯಾರು ಗೆದ್ದರು ಎಂಬುದನ್ನು ನುಣುಚಿಕೊಳ್ಳದೆ ತೋರಿಸಿದ್ದಾರೆ, ಜಿಯಾ ಎಂಬ ಕಿವುಡ ಬಾಲಕಿಯ ಜೊತೆ ಕಾಂಗ್ ಸನ್ನೆಭಾಷೆಯಲ್ಲಿ ಮಾತಾಡುವುದು ಮನಮುಟ್ಟುತ್ತದೆ. ಮೆಚ್ಚದವರು ಹೇಳಿದ್ದು: ಮನುಷ್ಯ ಪಾತ್ರಗಳಿಗೆ ಹುರುಳಿಲ್ಲ, ಭೂಮಿಯೊಳಗೆ ಟೊಳ್ಳು ಲೋಕವಿದೆ ಎನ್ನುವುದು ಅಸಂಬದ್ಧ, ಫ್ಲೋರಿಡಾದಿಂದ ಹಾಂಗ್‌ಕಾಂಗಿಗೆ ಸುರಂಗದಲ್ಲಿ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಹೋಗಿಬಿಡುತ್ತಾರೆ, ಇಷ್ಟು ದೊಡ್ಡ ಪ್ರಾಣಿಗಳು ಹಗುರವಾಗಿ ಜಿಗಿದಾಡುತ್ತವೆ.

ಒಂದೇ ಚಿತ್ರ ನೋಡಿದವರು ಇಷ್ಟು ಬೇರೆ ಬೇರೆಯಾಗಿ ಹೇಳಲು ಮುಖ್ಯ ಕಾರಣ ಪ್ರತಿಯೊಬ್ಬರೂ ಕೈಯಲ್ಲಿ ಹಿಡಿದು ಬಂದ ಅಳತೆಗೋಲು. ಈ ಸರಣಿಯ ಹಿಂದಿನ ಚಿತ್ರಗಳನ್ನು ನೋಡಿದರೆ ಇದು ತಿಳಿಯುತ್ತದೆ. 2014ರಲ್ಲಿ ಗ್ಯಾರೆತ್ ಎಡ್ವರ್ಡ್ಸ್ ನಿರ್ದೇಶಿಸಿದ ‘ಗಾಡ್ಜಿಲ್ಲಾ’ ಚಿತ್ರದಲ್ಲಿ ದೈತ್ಯನನ್ನು ಬಹಳ ಹೊತ್ತು ಮರೆಯಲ್ಲಿಟ್ಟಿದ್ದರು. ಕಾಯಿಸಿ ತೋರಿಸಿದ್ದೇ ಸೊಗಸು ಎಂದರು ಕೆಲವರು. ಗಾಡ್ಜಿಲ್ಲಾ ನೋಡಲು ಬಂದರೆ ಗಾಡ್ಜಿಲ್ಲಾನೇ ಇಲ್ಲ ಎಂದು ಗೊಣಗಿದರು ಹಲವರು. 2019ರ ಚಿತ್ರದಲ್ಲಿ ದೈತ್ಯರು ಬೇಕಾದಷ್ಟಿದ್ದರು. ಆಗ ಮಳೆ, ಹಿಮ, ಕತ್ತಲಲ್ಲಿ ಏನೂ ಕಾಣುವುದಿಲ್ಲ ಎಂಬ ದೂರು ಬಂತು. 2021ರ ಚಿತ್ರದಲ್ಲಿ ಎಲ್ಲವೂ ಬೆಳಕಿನಲ್ಲಿ ಕಂಡಿತು. ಆಗ ಬರೀ ಕಾದಾಟ, ಕಥೆಯಿಲ್ಲ ಎಂದರು.

ಇನ್ನೂ ಹಿಂದಕ್ಕೆ ಹೋದರೆ ಇಶಿರೊ ಹೊಂಡಾ ನಿರ್ದೇಶಿಸಿದ 1954ರ ಮೂಲ ಜಪಾನಿ ಚಿತ್ರವಿದೆ. ಅದೇ ವರ್ಷ ಮಾರ್ಚ್ 1ರಂದು ಪೆಸಿಫಿಕ್ ಸಾಗರದ ಬಿಕಿನಿ ದ್ವೀಪವಲಯದಲ್ಲಿ ಅಮೆರಿಕ ಹೈಡ್ರೋಜನ್ ಬಾಂಬ್ ಪರೀಕ್ಷೆ ನಡೆಸಿತ್ತು. ಜಪಾನಿನ ಒಂದು ಮೀನುಗಾರಿಕಾ ದೋಣಿಯ 23 ಮಂದಿಯ ಮೇಲೆ ವಿಕಿರಣದ ಬೂದಿ ಬಿದ್ದಿತು. ಅವರಲ್ಲಿ ಒಬ್ಬರು ಸೆಪ್ಟೆಂಬರಿನಲ್ಲಿ ತೀರಿಕೊಂಡರು. ನವೆಂಬರಿನಲ್ಲಿ ಚಿತ್ರ ತೆರೆಕಂಡಿತು. ಆ ಜನಕ್ಕೆ ಗಾಡ್ಜಿಲ್ಲಾ ಮೋಜಿನ ಪ್ರಾಣಿಯಾಗಿರಲಿಲ್ಲ. ಆ ಚಿತ್ರವನ್ನು ಮನಸ್ಸಿನಲ್ಲಿಟ್ಟುಕೊಂಡವರಿಗೆ 2021ರದ್ದು ಕುಸ್ತಿಯಂತೆ ಕಂಡರೆ ಆಶ್ಚರ್ಯವಿಲ್ಲ. ಕುಸ್ತಿ ನೋಡಲೆಂದೇ ಬಂದವರಿಗೆ ಅದು ಹಬ್ಬ.

ಮೂರು ಬುಟ್ಟಿಗಳು

ಈ ಹಿನ್ನೆಲೆ ಓದಿಕೊಂಡ ಮೇಲೆ ಮೂರನೆಯ ದಿನ ಅದೇ ತರಗತಿಗೆ ಹೋಗಿ, ‘ಅವತ್ತು ನಾನು ನಿಮ್ಮ ಮಾತು ಪೂರ್ತಿ ಕೇಳಲಿಲ್ಲ. ಇವತ್ತು ಹೇಳಿ’ ಎಂದೆ. ಮಕ್ಕಳು ಹೇಳಿದ್ದನ್ನೆಲ್ಲ, ತಿದ್ದದೆ, ಕಪ್ಪುಹಲಗೆಯ ಎಡಭಾಗದಲ್ಲಿ ಬರೆದೆ. ಬಲಭಾಗದಲ್ಲಿ ಮೂರು ಬುಟ್ಟಿಗಳ ಚಿತ್ರ ಬಿಡಿಸಿದೆ.

ಮೊದಲನೆಯ ಬುಟ್ಟಿ: ‘ನನಗೆ ಹೀಗನಿಸಿತು’. ಇಷ್ಟ, ಬೇಸರ, ಭಯ, ಅಳು, ನಗು ಎಲ್ಲ ಇದರಲ್ಲಿ. ಇವುಗಳಿಗೆ ಸರಿ–ತಪ್ಪು ಎಂಬ ಗುರುತು ಹಾಕುವಂತಿಲ್ಲ. ಆದರೆ ‘ಯಾಕೆ?’ ಎಂದು ಕೇಳಬಹುದು.

ಎರಡನೆಯ ಬುಟ್ಟಿ: ‘ಕಥೆ ತನ್ನ ಮಾತಿಗೆ ತಾನು ನಿಂತಿದೆಯೇ?’ ಕಥೆಯಲ್ಲಿ ದೈತ್ಯರಿರಲಿ, ತೊಂದರೆಯಿಲ್ಲ. ಆದರೆ ಒಂದು ಕಡೆ ಹೇಳಿದ್ದು ಇನ್ನೊಂದು ಕಡೆ ತಪ್ಪಬಾರದು.

ಮೂರನೆಯ ಬುಟ್ಟಿ: ‘ಹೊರಗಿನ ಲೋಕದಲ್ಲಿ ಹೀಗೆ ಆಗುತ್ತದೆಯೇ?’ ಇದಕ್ಕೆ ಅಳತೆ, ಲೆಕ್ಕ, ಪ್ರಯೋಗ ಬೇಕು.

ಪ್ರತಿಯೊಂದು ಅಭಿಪ್ರಾಯ ಯಾವ ಬುಟ್ಟಿಗೆ ಹೋಗಬೇಕೆಂದು ಮಕ್ಕಳೇ ಹೇಳಬೇಕು. ಹಿಂದಿನ ದಿನ ಪರಸ್ಪರ ಕೂಗಾಡಿದ್ದ ಇಬ್ಬರು, ‘ಫೈಟ್ ಸೂಪರ್’ ಮತ್ತು ‘ಬರೀ ಬೊಗಳೆ’ ಎಂದವರು, ತಾವು ಬೇರೆ ಬೇರೆ ಬುಟ್ಟಿಯ ಮಾತಾಡುತ್ತಿದ್ದೇವೆ ಎಂದು ಕಂಡುಕೊಂಡರು. ಒಬ್ಬನದು ಮೊದಲ ಬುಟ್ಟಿ, ಇನ್ನೊಬ್ಬನದು ಮೂರನೆಯದು. ಇಬ್ಬರ ಮಾತೂ ಒಟ್ಟಿಗೆ ನಿಲ್ಲಬಹುದು. ಹೀಗೆಂದು ನಾನು ಹೇಳಲಿಲ್ಲ. ‘ಹಂಗಾದ್ರೆ ನಾವಿಬ್ಬರೂ ಜಗಳ ಆಡಿದ್ದು ದಂಡ’ ಎಂದು ಅವರಲ್ಲೊಬ್ಬನೇ ಹೇಳಿದ.

ಹುಡುಗನ ಪ್ರಶ್ನೆ: ಎರಡನೆಯ ಬುಟ್ಟಿ

ಕಾಂಗ್ ಹೇಗೆ ಅಷ್ಟು ದೊಡ್ಡವನಾದ ಎಂಬ ಪ್ರಶ್ನೆ ಎರಡನೆಯ ಬುಟ್ಟಿಗೆ ಬಿತ್ತು. ಮಕ್ಕಳು ‘ಮೊದಲನೇ ಪಿಕ್ಚರ್’ ಎಂದದ್ದು 2017ರ ‘ಕಾಂಗ್: ಸ್ಕಲ್ ಐಲ್ಯಾಂಡ್’. ಅದರಲ್ಲಿ ಕಾಂಗ್‌ನ ಎತ್ತರ 104 ಅಡಿ. 2021ರ ಚಿತ್ರದಲ್ಲಿ 337 ಅಡಿ. ಗಾಡ್ಜಿಲ್ಲಾನದು 393 ಅಡಿ. ಮೊದಲ ಚಿತ್ರದ ಕಥೆ ನಡೆಯುವುದು 1973ರಲ್ಲಿ. ಅವನಿನ್ನೂ ಬೆಳೆಯುತ್ತಿದ್ದಾನೆ ಎಂಬ ಮಾತು ಆ ಚಿತ್ರದಲ್ಲೇ ಬರುತ್ತದೆ. ಹಾಗಾಗಿ ಕಥೆ ತನ್ನ ಮಾತಿಗೆ ನಿಂತಿದೆ ಎಂದು ಕೆಲವರು ತೀರ್ಪು ಕೊಟ್ಟರು. ಅದು ಮುಂದಿನ ಚಿತ್ರಕ್ಕಾಗಿ ಮೊದಲೇ ಸೇರಿಸಿದ ನೆಪ ಎಂದರು ಇನ್ನು ಕೆಲವರು.

ಇಲ್ಲಿ ನಾನು ಸ್ವಲ್ಪ ಚಿತ್ರರಂಗದ ಇತಿಹಾಸ ಹೇಳಿದೆ. 1933ರ ಮೂಲ ‘ಕಿಂಗ್ ಕಾಂಗ್’ ಚಿತ್ರದಲ್ಲೇ ಅವನ ಎತ್ತರ ಒಂದೇ ಸಮನಾಗಿರಲಿಲ್ಲ. ದ್ವೀಪದಲ್ಲಿ 18 ಅಡಿಯ ಲೆಕ್ಕದಲ್ಲಿದ್ದವನನ್ನು ನ್ಯೂಯಾರ್ಕಿಗೆ ತಂದ ಮೇಲೆ, ಗಗನಚುಂಬಿ ಕಟ್ಟಡಗಳ ಮುಂದೆ ಸಣ್ಣವನಾಗಿ ಕಾಣಬಾರದೆಂದು, 24 ಅಡಿಗೆ ಏರಿಸಿದರು. 1962ರಲ್ಲಿ ಜಪಾನಿನವರು ಕಾಂಗ್ ಮತ್ತು ಗಾಡ್ಜಿಲ್ಲಾರನ್ನು ಮೊದಲ ಬಾರಿಗೆ ಎದುರುಬದುರು ನಿಲ್ಲಿಸಿದಾಗ, 50 ಮೀಟರಿನ ಗಾಡ್ಜಿಲ್ಲಾಗೆ ಸರಿಜೋಡಿಯಾಗಲು ಕಾಂಗ್‌ನನ್ನು 45 ಮೀಟರಿಗೆ ಬೆಳೆಸಿದರು. ಎದುರಾಳಿ ಎಷ್ಟು ದೊಡ್ಡವನೋ ಕಾಂಗ್ ಅಷ್ಟು ದೊಡ್ಡವನು. ‘ಅಂದ್ರೆ ಕಥೆಗೆ ಬೇಕಾದಷ್ಟು ಉದ್ದ ಮಾಡ್ತಾರೆ’ ಎಂದ ಆ ಹುಡುಗ. ಎರಡು ದಿನದ ನಂತರ ಅವನ ಬಾಯಿಂದ ಬಂದ ಮೊದಲ ಮಾತು ಅದು.

ಲೂಡೊ ದಾಳಗಳು: ಮೂರನೆಯ ಬುಟ್ಟಿ

‘ಉದ್ದ ಮಾಡ್ತಾರೆ ಸರಿ. ಉದ್ದದ ಜೊತೆ ತೂಕ ಎಷ್ಟಾಗುತ್ತೆ?’ ಎಂದು ನಾನು ಕೇಳಿದೆ. ಮೂರು ಪಟ್ಟು ಎತ್ತರವಾದರೆ ಮೂರು ಪಟ್ಟು ತೂಕ ಎಂದು ಹೆಚ್ಚುಕಡಿಮೆ ಎಲ್ಲರೂ ಹೇಳಿದರು. ಇದು ಈ ಘಟಕದಲ್ಲಿ ಮಕ್ಕಳಿಗಿರುವ ಬಹುದೊಡ್ಡ ತಪ್ಪು ಕಲ್ಪನೆ. ಸೂತ್ರ ಬಾಯಿಪಾಠ ಮಾಡಿದವರಲ್ಲೂ ಇದು ಹಾಗೇ ಉಳಿದಿರುತ್ತದೆ.

ಬೋಧನೋಪಕರಣವಾಗಿ ಲೂಡೊ ಆಟದ ದಾಳಗಳನ್ನು ಒಯ್ದಿದ್ದೆ. ಪ್ರತಿ ಗುಂಪಿಗೆ 27 ದಾಳ. ಒಂದು ದಾಳವನ್ನು ಒಂದು ‘ಮರಿ ಕಾಂಗ್’ ಎಂದುಕೊಳ್ಳಿ; ಎಲ್ಲ ದಿಕ್ಕಿನಲ್ಲೂ ಎರಡು ಪಟ್ಟು ಇರುವ ಘನ ಕಟ್ಟಿ, ಆಮೇಲೆ ಮೂರು ಪಟ್ಟು ಎಂದೆ. ಎರಡು ಪಟ್ಟಿಗೆ 8 ದಾಳ ಬೇಕಾಯಿತು, ನೆಲಕ್ಕೆ ತಾಗಿದ್ದು 4 ಮುಖ. ಮೂರು ಪಟ್ಟಿಗೆ 27 ದಾಳ, ನೆಲಕ್ಕೆ ತಾಗಿದ್ದು 9 ಮುಖ. ತೂಕವನ್ನು ತಳದ ಮುಖಗಳಿಗೆ ಹಂಚಿದರೆ ಮೊದಲು ಒಂದು ಮುಖದ ಮೇಲೆ ಒಂದು ದಾಳದ ಭಾರ, ಆಮೇಲೆ ಎರಡು, ಆಮೇಲೆ ಮೂರು. ಉದ್ದ ಎಷ್ಟು ಪಟ್ಟು ಹೆಚ್ಚಿತೋ ತಳದ ಪ್ರತಿ ಚೌಕದ ಮೇಲಿನ ಹೊರೆಯೂ ಅಷ್ಟೇ ಪಟ್ಟು ಹೆಚ್ಚಿತು.

ಈಗ ಕಾಂಗ್‌ಗೆ ಬಂದೆವು. 104 ಅಡಿಯಿಂದ 337 ಅಡಿ ಎಂದರೆ ಸುಮಾರು 3.24 ಪಟ್ಟು. ಆಕಾರ ಬದಲಾಗದಿದ್ದರೆ ಪಾದದ ವಿಸ್ತೀರ್ಣ ಸುಮಾರು 10.5 ಪಟ್ಟು, ತೂಕ ಸುಮಾರು 34 ಪಟ್ಟು. ನಿಜವಾದ ಗೊರಿಲ್ಲಾದಿಂದ ಲೆಕ್ಕ ಶುರು ಮಾಡಿದರೆ ಇನ್ನೂ ಬೆರಗು. ಬೆಳೆದ ಗಂಡು ಗೊರಿಲ್ಲಾ ನಿಂತಾಗ 1.7 ಮೀಟರ್ ಎತ್ತರ, 160 ಕಿಲೋ ತೂಕ ಎಂದಿಟ್ಟುಕೊಳ್ಳೋಣ. 337 ಅಡಿ ಎಂದರೆ ಸುಮಾರು 102 ಮೀಟರ್, ಅಂದರೆ 60 ಪಟ್ಟು. 60ರ ಘನ 2,16,000. ಅದನ್ನು 160ರಿಂದ ಗುಣಿಸಿದರೆ 3,45,60,000 ಕಿಲೋ, ಅಂದರೆ 34,560 ಟನ್. ಮೂಳೆಯ ಅಡ್ಡಕೊಯ್ತದ ವಿಸ್ತೀರ್ಣ ಮಾತ್ರ 3,600 ಪಟ್ಟು. ಹಾಗಾದರೆ ಮೂಳೆಯ ಪ್ರತಿ ಚದರ ಸೆಂಟಿಮೀಟರ್ ಗೊರಿಲ್ಲಾದ ಮೂಳೆಗಿಂತ 60 ಪಟ್ಟು ಹೊರೆ ಹೊರಬೇಕು.

ಈ ವಿಚಾರವನ್ನು ಗೆಲಿಲಿಯೊ 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದ್ದಾನೆ. ಪ್ರಾಣಿ ದೊಡ್ಡದಾದಷ್ಟೂ ಮೂಳೆ ಉದ್ದಕ್ಕಿಂತ ಹೆಚ್ಚಾಗಿ ದಪ್ಪವಾಗಬೇಕೆಂದು ತೋರಿಸಲು ಎರಡು ಮೂಳೆಗಳ ಚಿತ್ರವನ್ನೂ ಅದರಲ್ಲಿ ಕೊಟ್ಟಿದ್ದಾನೆ. ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ 1926ರ ಒಂದು ಪ್ರಬಂಧದಲ್ಲಿ ಇದನ್ನೇ ಕಥೆಗಳ ದೈತ್ಯರಿಗೆ ಅನ್ವಯಿಸಿದರು. ಮನುಷ್ಯನ ತೊಡೆಮೂಳೆ ಅವನ ತೂಕದ ಸುಮಾರು ಹತ್ತು ಪಟ್ಟಿಗೆ ಮುರಿಯುತ್ತದೆ. ಆದ್ದರಿಂದ ಹತ್ತು ಪಟ್ಟು ಎತ್ತರದ ದೈತ್ಯ ಹೆಜ್ಜೆಯಿಟ್ಟ ಕೂಡಲೇ ಅವನ ತೊಡೆ ಮುರಿದೀತು ಎಂಬುದು ಅವರ ಲೆಕ್ಕ. ಹಾಲ್ಡೇನ್ ಆಮೇಲೆ ಭಾರತಕ್ಕೆ ಬಂದು ನೆಲೆಸಿದರು. 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡರು. ಹತ್ತು ಪಟ್ಟಿಗೇ ಹೀಗಾದರೆ 60 ಪಟ್ಟಿನ ಕಾಂಗ್‌ನ ಗತಿ ಏನು ಎಂಬುದನ್ನು ಮಕ್ಕಳಿಗೇ ಬಿಟ್ಟೆ.

‘ಭೂಮಿಯೊಳಗೆ ಟೊಳ್ಳು’ ಎಂಬ ದೂರು ಕೂಡ ಮೂರನೆಯ ಬುಟ್ಟಿಗೇ ಬಂತು. ಅದಕ್ಕೂ ಘನಫಲದ ಲೆಕ್ಕವೇ ಸಾಕು. ಭೂಮಿಯ ದ್ರವ್ಯರಾಶಿಯನ್ನು ಅದರ ಘನಫಲದಿಂದ ಭಾಗಿಸಿದರೆ ಸರಾಸರಿ ಸಾಂದ್ರತೆ ನೀರಿನ ಸುಮಾರು 5.5 ಪಟ್ಟು. ನಮ್ಮ ಕಾಲಡಿಯ ಗ್ರಾನೈಟ್ ಕಲ್ಲಿನದು ಸುಮಾರು 2.7 ಪಟ್ಟು. ಒಳಗೆ ಟೊಳ್ಳಿದ್ದರೆ ಸರಾಸರಿ ಕಲ್ಲಿಗಿಂತ ಕಡಿಮೆಯಾಗಬೇಕಿತ್ತು; ಆದರೆ ಎರಡರಷ್ಟಿದೆ. ಅಂದರೆ ಒಳಗಿರುವುದು ಕಲ್ಲಿಗಿಂತ ಭಾರವಾದ ವಸ್ತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಕೆಲಸ ಮಾಡಿ 1897ರ ಅಸ್ಸಾಂ ಭೂಕಂಪವನ್ನು ಅಧ್ಯಯನ ಮಾಡಿದ್ದ ಆರ್.ಡಿ. ಓಲ್ಡ್‌ಹ್ಯಾಮ್, 1906ರಲ್ಲಿ ಭೂಕಂಪದ ಅಲೆಗಳ ಆಧಾರದಿಂದಲೇ ಭೂಮಿಗೆ ಒಂದು ತಿರುಳಿದೆ ಎಂದು ತೋರಿಸಿದರು.

ನಾನು ಮತ್ತೆ ಎಡವಿದ್ದು

ಇಲ್ಲಿಗೆ ಪಾಠ ಚೆನ್ನಾಗಿ ಹೋಯಿತು ಎಂದು ನಿಲ್ಲಿಸಿದರೆ ಅದು ಅರ್ಧ ಸತ್ಯ. ಮಧ್ಯದಲ್ಲಿ ಒಬ್ಬ ಹುಡುಗಿ, ‘ಮಿಸ್, ಅವುಗಳಿಗೆ ತೂಕವೇ ಇಲ್ಲದ ಹಾಗೆ ಅನ್ನಿಸುತ್ತೆ. ಬೊಂಬೆ ಜಿಗಿದ ಹಾಗೆ ಜಿಗೀತಾವೆ’ ಎಂದಿದ್ದಳು. ‘ಅನ್ನಿಸುತ್ತೆ’ ಎಂಬ ಪದ ಕೇಳಿದ ಕೂಡಲೇ ನಾನು ಅದನ್ನು ಮೊದಲ ಬುಟ್ಟಿಗೆ ಹಾಕಿ ಮುಂದೆ ಹೋದೆ. ಪಾಠದ ನಂತರದ ಚರ್ಚೆಯಲ್ಲಿ ಭೌತಶಾಸ್ತ್ರ ಬೋಧನಾಶಾಸ್ತ್ರದ ನಮ್ಮ ಉಪನ್ಯಾಸಕರು, ‘ಆ ಹುಡುಗಿಯ ಮಾತನ್ನು ಅಳೆಯಲು ಬರುವುದಿಲ್ಲ ಎಂದು ಯಾರು ಹೇಳಿದ್ದು?’ ಎಂದು ಕೇಳಿದರು.

ಒಂಬತ್ತನೇ ತರಗತಿಯ ವಿಜ್ಞಾನದಲ್ಲೇ ಮುಕ್ತಪತನದ ಸಮೀಕರಣವಿದೆ. ಗೊರಿಲ್ಲಾ 1.25 ಮೀಟರ್ ಎತ್ತರದಿಂದ ಕೆಳಗೆ ಜಿಗಿದರೆ, ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದಾಗ, ನೆಲ ಮುಟ್ಟಲು ಅರ್ಧ ಸೆಕೆಂಡು. 60 ಪಟ್ಟು ದೊಡ್ಡ ಕಾಂಗ್ ತನ್ನ ಅಳತೆಗೆ ತಕ್ಕಂತೆ 75 ಮೀಟರಿನಿಂದ ಜಿಗಿದರೆ ಸುಮಾರು 3.9 ಸೆಕೆಂಡು ಬೇಕು. ಗುರುತ್ವ ಇಬ್ಬರಿಗೂ ಒಂದೇ. ಆದ್ದರಿಂದ ದೊಡ್ಡದು ಬೀಳುವುದು ನಮ್ಮ ಕಣ್ಣಿಗೆ ನಿಧಾನವಾಗಿ ಕಾಣಬೇಕು. ದೈತ್ಯ ಚುರುಕಾಗಿ ಜಿಗಿದರೆ ಕಣ್ಣು ಅದನ್ನು ಸಣ್ಣದು, ಹಗುರ ಎಂದು ಓದುತ್ತದೆ. 1954ರಲ್ಲಿ ಚಿತ್ರ ಮಾಡಿದವರಿಗೆ ಇದು ಗೊತ್ತಿತ್ತು. ದೈತ್ಯನ ಉಡುಪು ತೊಟ್ಟ ನಟ 25ರಲ್ಲಿ 1 ಅಳತೆಯ ಬೊಂಬೆನಗರದಲ್ಲಿ ನಡೆಯುತ್ತಿದ್ದ. ಅದನ್ನು ಕ್ಯಾಮೆರಾದಲ್ಲಿ ಹೆಚ್ಚು ವೇಗದಲ್ಲಿ ಚಿತ್ರಿಸಿಕೊಂಡು ಮಾಮೂಲು ವೇಗದಲ್ಲಿ ತೋರಿಸುತ್ತಿದ್ದರು. ಚಲನೆ ನಿಧಾನವಾಗುತ್ತಿತ್ತು, ದೈತ್ಯ ಭಾರವಾಗುತ್ತಿದ್ದ.

ಅಂದರೆ ಆ ಹುಡುಗಿಯ ‘ಅನ್ನಿಸುತ್ತೆ’ ಒಳಗೆ ಅಷ್ಟು ಒಳ್ಳೆಯ ಅವಲೋಕನವಿತ್ತು. ಮೊದಲ ದಿನ ಹುಡುಗನ ಪ್ರಶ್ನೆಯನ್ನು ‘ಸುಳ್ಳು’ ಎಂದು ತಳ್ಳಿದ್ದೆ. ಈ ಸಲ ಹುಡುಗಿಯ ಮಾತನ್ನು ‘ನಿನ್ನ ಅನಿಸಿಕೆ’ ಎಂದು ಮರ್ಯಾದೆಯಾಗಿ ತಳ್ಳಿದ್ದೆ. ತಳ್ಳುವ ರೀತಿ ಬದಲಾಗಿತ್ತು, ತಳ್ಳುವುದು ನಿಂತಿರಲಿಲ್ಲ. ಬುಟ್ಟಿಗಳು ಮಾತನ್ನು ಬಿಡಿಸಿ ನೋಡಲು ಇರುವಂಥವು, ಕೈತೊಳೆದುಕೊಳ್ಳಲು ಅಲ್ಲ. ಮಾರನೆಯ ದಿನ ಅವಳ ಮಾತನ್ನು ಮತ್ತೆ ಹಲಗೆಯ ಮೇಲೆ ಬರೆದು, ಮೂರನೆಯ ಬುಟ್ಟಿಗೆ ಬಾಣ ಎಳೆದು ಲೆಕ್ಕ ಮಾಡಿಸಿದೆ. ಅವಳು ಆ ಲೆಕ್ಕವನ್ನು ಪುಸ್ತಕದ ಕೊನೆಯ ಪುಟದಲ್ಲಿ ಬರೆದುಕೊಂಡಳು.

ಮೊದಲ ಬುಟ್ಟಿಯಲ್ಲಿ ಉಳಿದದ್ದು

ಎಲ್ಲವೂ ಲೆಕ್ಕಕ್ಕೆ ಸಿಗುವುದಿಲ್ಲ, ಸಿಗಬೇಕಾಗಿಯೂ ಇಲ್ಲ. ಕಾಂಗ್ ಸನ್ನೆ ಮಾಡಿದಾಗ ತನಗೆ ಅಳು ಬಂತು ಎಂದು ಒಬ್ಬಳು ಹೇಳಿದಳು. ‘ಯಾಕೆ?’ ಎಂದೆ. ‘ಅಷ್ಟು ದೊಡ್ಡೋನು, ಅಷ್ಟು ಜನ ವಿಜ್ಞಾನಿಗಳು ಸುತ್ತ ಇದಾರೆ, ಮಾತು ಅರ್ಥ ಆಗಿದ್ದು ಆ ಪಾಪುಗೆ ಮಾತ್ರ’ ಎಂದಳು. ಜಿಯಾ ಪಾತ್ರ ಮಾಡಿದ ಬಾಲನಟಿ ಕೇಯ್ಲಿ ಹಾಟಲ್ ಸ್ವತಃ ಕಿವುಡಿ ಎಂದು ಹೇಳಿದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು. ಸಮನ್ವಯ ಶಿಕ್ಷಣದ ಬಗ್ಗೆ ನಾವು ಟಿಪ್ಪಣಿ ಬರೆದುಕೊಂಡದ್ದಕ್ಕಿಂತ ಹೆಚ್ಚಿನದು ಆ ಒಂದು ಉತ್ತರದಲ್ಲಿತ್ತು ಎಂದು ನನಗನಿಸಿದೆ. ಆ ಮಾತಿಗೆ ಮೂಳೆಯ ಲೆಕ್ಕ ತಂದು ಹಾಕಿದ್ದರೆ ಅದು ಶಿಕ್ಷಕರ ಒರಟುತನವಾಗುತ್ತಿತ್ತು.

ನೋಡಿದ ಪರದೆಯೂ ಅಭಿಪ್ರಾಯವನ್ನು ಬದಲಿಸುತ್ತದೆ ಎಂಬುದು ಮಕ್ಕಳ ಮಾತಿನಿಂದಲೇ ಹೊರಬಂತು. ಮೊಬೈಲಿನಲ್ಲಿ ನೋಡಿದವರಿಗೆ ಕಾಂಗ್ ಹೆಬ್ಬೆರಳಿನಷ್ಟು. ಅವನು ದೊಡ್ಡವನೆಂದು ತಿಳಿಯುವುದು ಪಕ್ಕದ ಕಟ್ಟಡ, ಹಡಗು, ಮನುಷ್ಯರ ಹೋಲಿಕೆಯಿಂದ. ಭೂಮಿಯೊಳಗಿನ ಲೋಕದ ದೃಶ್ಯಗಳಲ್ಲಿ ಕಟ್ಟಡಗಳೇ ಇಲ್ಲ, ಅಲ್ಲಿ ಕಾಂಗ್ ಮಾಮೂಲು ಕೋತಿಯಂತೆ ಕಂಡ ಎಂದು ಇಬ್ಬರು ಹೇಳಿದರು. ಅಳತೆ ಎಂದರೆ ಹೋಲಿಕೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪೀಠಿಕೆ ನನಗೆ ಸಿಕ್ಕಿಲ್ಲ.

ಪ್ರಶಿಕ್ಷಣಾರ್ಥಿ ಮಿತ್ರರಿಗೆ

ಈ ಪಾಠ ಎರಡು ಅವಧಿ ತಿಂದಿತು. ನನ್ನ ಯೋಜನೆಯಲ್ಲಿದ್ದದ್ದು ಒಂದು. ಸಿಲಿಂಡರಿನ ಲೆಕ್ಕಗಳು ಒಂದು ದಿನ ತಡವಾದವು. ಹೀಗೆ ಮಾಡಬಯಸುವವರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿದು, ಘಟಕ ಯೋಜನೆಯಲ್ಲೇ ಒಂದು ಹೆಚ್ಚುವರಿ ಅವಧಿ ಇಟ್ಟುಕೊಳ್ಳುವುದು ಒಳ್ಳೆಯದು.

ಸಿನಿಮಾವನ್ನು ತರಗತಿಯಲ್ಲಿ ತೋರಿಸುವ ಅಗತ್ಯವಿಲ್ಲ. ನೋಡದ ಮಕ್ಕಳೂ ಇರುತ್ತಾರೆ; ಅವರನ್ನು ತೀರ್ಪುಗಾರರ ಸ್ಥಾನದಲ್ಲಿ ಕೂರಿಸಿ, ಯಾವ ಮಾತು ಯಾವ ಬುಟ್ಟಿಗೆ ಎಂದು ಹೇಳಿಸಿದರೆ ಯಾರೂ ಹೊರಗುಳಿಯುವುದಿಲ್ಲ. ದಾಳಗಳ ಬದಲು ಒಂದೇ ಅಳತೆಯ ಯಾವುದೇ ಘನಗಳು ಆಗುತ್ತವೆ.

ಮಕ್ಕಳ ಮಾತನ್ನು ಹಲಗೆಯ ಮೇಲೆ ಅವರದೇ ಪದಗಳಲ್ಲಿ ಬರೆಯಿರಿ. ಸಾಧ್ಯವಾದರೆ ಹೆಸರು ಬೇಡ. ಹೆಸರಿದ್ದರೆ ಜಗಳ ಮನುಷ್ಯರ ನಡುವೆ ನಡೆಯುತ್ತದೆ. ಹೆಸರಿಲ್ಲದಿದ್ದರೆ ಮಾತಿನ ಮೇಲೆ ನಡೆಯುತ್ತದೆ.

ಬಹುಮತದಿಂದ ಯಾವುದನ್ನೂ ತೀರ್ಮಾನಿಸಬೇಡಿ. ಮೂರು ಪಟ್ಟು ಎತ್ತರಕ್ಕೆ ಮೂರು ಪಟ್ಟು ತೂಕ ಎಂದು ತರಗತಿಯ ಬಹುಮತವೇ ಹೇಳಿತ್ತು. ಅದನ್ನು ಬದಲಿಸಿದ್ದು 27 ದಾಳಗಳು.

ಒಂದು ಪ್ರಶ್ನೆಗೆ ಮಾತ್ರ ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಕೊನೆಯ ದಿನ ಹಿಂದಿನ ಬೆಂಚಿನ ಆ ಹುಡುಗ ಎದ್ದು, ‘ಮಿಸ್, ಕಾಂಗ್ ನಿಲ್ಲೋಕೇ ಆಗಲ್ಲ ಅಂತ ಈಗ ಗೊತ್ತಾಯ್ತು. ಆದ್ರೂ ನಂಗೆ ಪಿಕ್ಚರ್ ಇಷ್ಟಾನೇ. ತಪ್ಪಾ?’ ಎಂದು ಕೇಳಿದ. ನಾನು ಉತ್ತರ ಹೇಳುವ ಮುಂಚೆ, ಮೊದಲ ದಿನ ‘ಬರೀ ಬೊಗಳೆ’ ಎಂದಿದ್ದವನೇ ತಿರುಗಿ, ‘ಅದು ಒಂದನೇ ಬುಟ್ಟಿ ಕಣೋ, ಕೂತ್ಕೊ’ ಎಂದ.

ಹುಡುಗ ಕುಳಿತ. ಈ ಸಲ ನಗುತ್ತಾ ಕುಳಿತ.